ಹುಳಿ ಇಲ್ಲದ ಬಯಕೆ

ಗುತ್ಯಮ್ಮನ ಬಾಯಿ ದೊಡ್ಡದು, ಮನಸ್ಸು ಅದಕ್ಕಿಂತಲೂ ದೊಡ್ಡದು ಎಂದು ಕೇರಿಯವರು ಹೇಳುತ್ತಿದ್ದರು. ಎರಡೂ ನಿಜವೇ. ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ನೀರು ನಿಂತ ಮರುವರ್ಷ ಅವಳು ಮಾಡಿದ ತಪ್ಪಿನಲ್ಲೂ ಇವೆರಡೂ ಸೇರಿಕೊಂಡಿದ್ದವು. ಸೊಸೆಯ ಕರುಳಿನಲ್ಲಿ ಹುಣ್ಣಾಗಿ ಅವಳು ದಿನದಿನಕ್ಕೆ ಸೊರಗುತ್ತಿದ್ದರೆ, ಗುತ್ಯಮ್ಮ ಅವಳನ್ನು ಬಸುರಿ ಎಂದುಕೊಂಡು ಎರಡು ತಿಂಗಳು ಹೊತ್ತು ತಪ್ಪದೆ ಹುಳಿ ತಿನ್ನಿಸಿದಳು. ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಗುತ್ಯಮ್ಮನೇ ಅವರ ಮನೆ ಬಾಗಿಲಿಗೆ ಹೋಗಿ ಉಗಿದು ಬರುತ್ತಿದ್ದಳು.

ರಿಪ್ಪನ್‌ಪೇಟೆಯಿಂದ ಹುಂಚದ ಕಡೆಗೆ ಮೂರು ಮೈಲಿ ನಡೆದರೆ ಸಿಗುವ ಏಳು ಮನೆಯ ಕೇರಿ ಅದು. ಗುತ್ಯಮ್ಮನ ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಒಬ್ಬನೇ ಮಗ ಕನ್ನಪ್ಪ ಕಾರ್ಗಲ್ಲಿನಲ್ಲಿ ಕರೆಂಟಿನ ಕೆಲಸಕ್ಕೆ ಸೇರಿ ಹದಿನೈದು ದಿನಕ್ಕೊಮ್ಮೆ ಬಂದು ಹೋಗುತ್ತಿದ್ದ. ಮನೆಯಲ್ಲಿ ಉಳಿಯುತ್ತಿದ್ದದ್ದು ಅತ್ತೆ, ಸೊಸೆ, ಎರಡು ಎತ್ತು, ಒಂದು ಎಮ್ಮೆ. ಇವರಲ್ಲಿ ಮಾತಾಡುತ್ತಿದ್ದವಳು ಗುತ್ಯಮ್ಮ ಒಬ್ಬಳೇ.

ಸೊಸೆ ಹೂವಮ್ಮ ತೀರ್ಥಹಳ್ಳಿ ಕಡೆಯ ಹೆಣ್ಣು. ಪುಂಡಿನಾರಿನ ಕುಂಚ ಹಿಡಿದು ಕೆಂಪು ಗೋಡೆಯ ಮೇಲೆ ಅಕ್ಕಿಹಿಟ್ಟಿನ ಗೆರೆ ಎಳೆದಳೆಂದರೆ ಒಂದು ಗೆರೆಯೂ ಸೊಟ್ಟ ಹೋಗುತ್ತಿರಲಿಲ್ಲ. ಆದರೆ ಬಾಯಿ ಬಿಡುತ್ತಿರಲಿಲ್ಲ. ಗಂಡನ ಮನೆಗೆ ಕಳಿಸುವಾಗ ಅವಳ ತಾಯಿ ಒಂದೇ ಮಾತು ಹೇಳಿದ್ದಳಂತೆ, "ಅತ್ತೆ ಬಡಿಸಿದ್ದಕ್ಕೆ ಬ್ಯಾಡ ಅನ್ಬೇಡ, ಬಡಿಸದೇ ಇದ್ದಿದ್ದು ಕೇಳ್ಬೇಡ" ಎಂದು. ಎರಡು ವರ್ಷದಲ್ಲಿ ಹೂವಮ್ಮ ಆ ಮಾತನ್ನು ಒಂದು ಸಲವೂ ಮೀರಿರಲಿಲ್ಲ. ಹಾಕಿದ್ದನ್ನು ಉಂಡು, ಎಲೆ ಎತ್ತಿ, ಕೈ ತೊಳೆದುಕೊಂಡು ಕೆಲಸಕ್ಕೆ ಹೋಗುವಳು. ಇಂಥ ಸೊಸೆ ಸಿಕ್ಕಿದ್ದಕ್ಕೆ ಗುತ್ಯಮ್ಮನಿಗೆ ಹೆಮ್ಮೆಯಿತ್ತು. ಆ ಹೆಮ್ಮೆ ಎಷ್ಟು ದಡ್ಡತನದ್ದು ಎಂದು ಆಮೇಲೆ ಗೊತ್ತಾಯಿತು.

ಆ ವರ್ಷ ಜ್ಯೇಷ್ಠ ಮಾಸದಲ್ಲಿ ಹೂವಮ್ಮ ತಿಂಗಳ ಮೂರು ದಿನ ಹೊರಗೆ ಕೂರಲಿಲ್ಲ. ಮುಂದಿನ ತಿಂಗಳೂ ಕೂರಲಿಲ್ಲ. ಬೆಳಗಾದರೆ ಚೊಂಬು ಹಿಡಿದು ಬೇಲಿಯಾಚೆ ಓಡುವಳು, ಬಂದು ಗೋಡೆಗೆ ಒರಗಿ ಸುಧಾರಿಸಿಕೊಳ್ಳುವಳು. ಮುಖ ಸುಣ್ಣ ಬಳಿದ ಹಾಗೆ ಬೆಳ್ಳಗಾಗಿತ್ತು. ಗುತ್ಯಮ್ಮ ಅದನ್ನು ಬಸುರಿನ ವಾಂತಿ ಎಂದುಕೊಂಡು, ಇದನ್ನೆಲ್ಲ ಕಂಡೂ ಕಾಣದ ಹಾಗೆ ನೋಡಿದಳು. ಒಂದು ದಿನ ಪಕ್ಕದ ಮನೆಯ ಕೆರಿಯಮ್ಮನನ್ನು ಬೇಲಿಯ ಹತ್ತಿರ ಕರೆದು, "ಯಾರಿಗೂ ಹೇಳ್ಬೇಡ ಮಾರಾಯ್ತಿ, ನಮ್ಮನೇಲಿ ತೊಟ್ಲು ಕಟ್ಟೋ ಕಾಲ ಬಂತು" ಎಂದಳು. ಕೆರಿಯಮ್ಮ ಪಾಪ ಯಾರಿಗೂ ಹೇಳಲಿಲ್ಲ. ಉಳಿದ ಐದು ಮನೆಗೂ ಸಂಜೆಯೊಳಗೆ ಗುತ್ಯಮ್ಮನೇ ಹೇಳಿ ಬಂದಿದ್ದಳು.

ಇನ್ನು ಹುಳಿಯ ವಿಷಯ. ಗುತ್ಯಮ್ಮ ಕನ್ನಪ್ಪನನ್ನು ಹೊತ್ತಿದ್ದಾಗ ಅವಳ ಅತ್ತೆ ಮಿಡಿ ಉಪ್ಪಿನಕಾಯಿಯ ಭರಣಿಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದಳು. ಬಯಕೆ ತಡೆಯಲಾರದೆ ಗುತ್ಯಮ್ಮ ಪಾತ್ರೆ ಉಜ್ಜಲು ಇಟ್ಟಿದ್ದ ಹುಣಸೆಯ ಹಿಂಡಿಯನ್ನು ಬಚ್ಚಲಲ್ಲಿ ಕೂತು ನೆಕ್ಕಿದ್ದಳು. ಅವತ್ತೇ ಅಳುತ್ತಾ ಒಂದು ಮಾತು ಮನಸ್ಸಿನಲ್ಲಿ ಕಟ್ಟಿಕೊಂಡಳು. ನನ್ನ ಸೊಸೆಗೆ ಈ ಗತಿ ಬರಬಾರದು, ಅವಳು ಕೇಳುವ ಮೊದಲೇ ಕೊಡುತ್ತೇನೆ. ಇಪ್ಪತ್ತೈದು ವರ್ಷ ಕಾದು ಇಟ್ಟುಕೊಂಡಿದ್ದ ಮಾತು ಅದು.

ಕೊಟ್ಟಳು. ಭರಣಿಯ ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚಿ ಬೆಳಗಿನ ಗಂಜಿಗೆ ಎರಡು ಮಿಡಿ. ಮಧ್ಯಾಹ್ನ ವಾಟೆಹುಳಿ ಹಾಕಿ ಕುದಿಸಿದ ಸಾರು. ಸಂಜೆಗೆ ಮುರುಗಲ ಸಿಪ್ಪೆ ನೆನೆಸಿ ಹಿಂಡಿದ ಕೆಂಪು ಪಾನಕ. "ಕುಡಿ ಮಗಾ, ಹೊಟ್ಟೆ ತಂಪಾಗ್ಲಿ" ಎಂದು ಎದುರಿಗೇ ಕೂತು ಕುಡಿಸುವಳು. ಹೂವಮ್ಮ ಕುಡಿಯುವಳು. ಕಣ್ಣಲ್ಲಿ ನೀರಾಡುತ್ತಿತ್ತು. ಬಯಕೆ ತೀರಿದ ಸುಖಕ್ಕೆ ಹಾಗಾಗುತ್ತದೆ ಎಂದು ಗುತ್ಯಮ್ಮ ಸೆರಗಿನಿಂದ ತನ್ನ ಕಣ್ಣನ್ನೂ ಒರೆಸಿಕೊಳ್ಳುವಳು.

"ಅಲ್ಲವೇ ಗುತ್ಯಮ್ಮ, ನಿನ್ನ ಸೊಸೆಗೆ ಹೊಟ್ಟೆ ಬರೋದಿರ್ಲಿ, ಇದ್ದ ಕೆನ್ನೇನೂ ಹೋಯ್ತಲ್ಲೇ" ಎಂದು ಕೆರಿಯಮ್ಮ ಒಮ್ಮೆ ಕೇಳಿದಳು.

"ನಿನ್ನ ಕಣ್ಣು ಬಿದ್ದೇ ಹೋಗಿದ್ದು, ಸುಮ್ನಿರು" ಎಂದು ಗುತ್ಯಮ್ಮ ಅವಳ ಬಾಯಿ ಮುಚ್ಚಿಸಿದಳು.

ಶ್ರಾವಣ ಮುಗಿಯುತ್ತಿತ್ತು. ಗೌರಿ ಹಬ್ಬಕ್ಕೆಂದು ಹೂವಮ್ಮ ಜಗಲಿಯ ಗೋಡೆಗೆ ಕೆಮ್ಮಣ್ಣು ಸಾರಿಸುತ್ತಿದ್ದಳು. ಅರ್ಧ ಗೋಡೆ ಮುಗಿದಿರಬೇಕು, ಕೈ ತೊಳೆಯದೆಯೇ ಚೊಂಬು ತೆಗೆದುಕೊಂಡು ಎದ್ದು ಹೋದಳು. ಸಾರಿಸಿದ್ದು ಒಣಗುತ್ತ ಬಂದರೂ ವಾಪಸ್ಸು ಬರಲಿಲ್ಲ. ಗುತ್ಯಮ್ಮ ಹುಡುಕಿಕೊಂಡು ಹೋದರೆ, ಬೇಲಿಯಾಚೆ ಲಕ್ಕಿಗಿಡದ ಬುಡದಲ್ಲಿ ಹೆಣ್ಣು ಮುದುರಿಕೊಂಡು ಬಿದ್ದಿದೆ. ಸೀರೆಯೆಲ್ಲ ರಕ್ತ.

ಬಸಿರು ಇಳಿದುಹೋಯಿತು ಎಂದುಕೊಂಡು ಗುತ್ಯಮ್ಮ ಕೂಗಿದ ಕೂಗಿಗೆ ಉಳಿದ ಆರು ಮನೆಯವರೂ ಓಡಿ ಬಂದರು. ಕೆರಿಯಮ್ಮನ ಗಂಡ ಗೋಪಾಲಪ್ಪ ಗಾಡಿ ಕಟ್ಟಿದ. ರಿಪ್ಪನ್‌ಪೇಟೆಯಲ್ಲಿ ಸಾಗರದ ಬಸ್ಸು ಸಿಕ್ಕಿತು. ಗೋಪಾಲಪ್ಪ ಕನ್ನಪ್ಪನಿಗೆ ಸುದ್ದಿ ಮುಟ್ಟಿಸುತ್ತೇನೆ ಎಂದು ಉಳಿದುಕೊಂಡ. ಹಿಂದಿನ ಸೀಟಿನಲ್ಲಿ ಅತ್ತೆಯ ತೊಡೆಯ ಮೇಲೆ ಸೊಸೆಯ ತಲೆ.

ಆನಂದಪುರ ದಾಟಿದ ಮೇಲೆ ಹೂವಮ್ಮ ಕಣ್ಣು ಬಿಟ್ಟಳು. "ಅತ್ತೆ, ಅಳಬ್ಯಾಡಿ. ಅದು ಮಗು ಅಲ್ಲ" ಎಂದಳು.

"ಮತ್ತೆಂತದೇ ಮಗಾ?"

"ನಾಕು ತಿಂಗಳಾತು. ಹೊರಕಡೆಗೆ ಹೋದಾಗೆಲ್ಲ ರಕ್ತ ಬತ್ತಿತ್ತು. ದಿನಕ್ಕೆ ಎಂಟು ಸಲ, ಹತ್ತು ಸಲ. ಹುಳಿ ತಿಂದ ಮೇಲೆ ಒಳಗೆ ಕೆಂಡ ಇಟ್ಟಂಗೆ ಉರೀತಿತ್ತು."

"ಬಾಯಿಲ್ವೇನೇ ನಿಂಗೆ? ಒಂದು ಮಾತು ಹೇಳಾಕೆ ಆಗ್ಲಿಲ್ವೇನೇ?"

ಹೂವಮ್ಮ ಅತ್ತೆಯ ಸೆರಗಿನ ತುದಿ ಹಿಡಿದುಕೊಂಡಳು. "ಮೊದ್ಲು ನಂಗೂ ಮಗುವೇ ಇರಬಹುದು ಅನ್ನಿಸ್ತು. ಅಲ್ಲ ಅಂತ ಗೊತ್ತಾದ ಮೇಲೆ ಹೇಳಾಣ ಅಂತಿದ್ದೆ ಅತ್ತೆ. ನೀವು ಭರಣಿ ಬಟ್ಟೆ ಬಿಚ್ಚುವಾಗ ನಿಮ್ಮ ಮುಖ ನೋಡಿದ್ರೆ ಹೇಳಾಕೇ ಆಗ್ತಿರ್ಲಿಲ್ಲ."

ಗುತ್ಯಮ್ಮನ ಬಾಯಿ ಕಟ್ಟಿತು. ಅವಳ ಜೀವಮಾನದಲ್ಲಿ ಹೀಗಾಗಿದ್ದು ಅದೇ ಮೊದಲು. ಸಾಗರ ಬರುವವರೆಗೂ ಸೊಸೆಯ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸುವುದು, ಗಾಳಿಗೆ ಅದು ಮತ್ತೆ ಮುಂದೆ ಬರುವುದು, ಮತ್ತೆ ಸರಿಸುವುದು, ಇಷ್ಟೇ ಮಾಡಿದಳು.

ಸಾಗರದಲ್ಲಿ ವಾಗ್ದೇವಿ ಎಂಬ ಲೇಡಿ ಡಾಕ್ಟರು ತಮ್ಮ ಮನೆಯ ಮುಂಭಾಗದಲ್ಲೇ ಆರು ಮಂಚದ ಆಸ್ಪತ್ರೆ ಇಟ್ಟುಕೊಂಡಿದ್ದರು. ಹೊಟ್ಟೆ ಮುಟ್ಟಿ ನೋಡಿ, "ಬಸುರಿಯಲ್ಲ" ಎಂದರು. ಮೊದಲ ನಾಲ್ಕು ದಿನ ಆಮಶಂಕೆ ಎಂದು ಮದ್ದು ಕೊಟ್ಟರು. ಇಳಿಯಲಿಲ್ಲ. ಮಲಪರೀಕ್ಷೆಯಲ್ಲಿ ಹುಳವೂ ಕಾಣಲಿಲ್ಲ. ಐದನೇ ದಿನ ಶಿವಮೊಗ್ಗದಿಂದ ಬಂದ ಇನ್ನೊಬ್ಬ ದೊಡ್ಡ ಡಾಕ್ಟರು ದೀಪವಿದ್ದ ಕೊಳವೆಯೊಂದರಿಂದ ಒಳಗೆ ನೋಡಿ, ಇಂಗ್ಲಿಷಿನಲ್ಲಿ ಏನೋ ಹೇಳಿ ಹೋದರು. ಅಷ್ಟರಲ್ಲಿ ಕನ್ನಪ್ಪ ಕಾರ್ಗಲ್ಲಿನಿಂದ ಬಂದು, ಹೆಂಡತಿಯ ಮಂಚದ ಕಾಲು ಹಿಡಿದುಕೊಂಡು ಗೋಡೆಗೆ ಒರಗಿ ಕೂತಿದ್ದ.

ಗುತ್ಯಮ್ಮ ಡಾಕ್ಟರಮ್ಮನ ಮೇಜಿನ ಮುಂದೆ ಹೋಗಿ ನಿಂತಳು. "ನಂಗೆ ಕನ್ನಡದಾಗೆ ಹೇಳಿ ಡಾಕ್ಟ್ರಮ್ಮ. ಹುಡುಗಿ ಉಳೀತಾಳಾ?"

"ಕೂತ್ಕೊಳ್ಳಿ ಅಮ್ಮ. ಉಳಿಸೋಣ. ಕರುಳಿನ ಒಳಗೆ ಒಂದು ತೆಳು ಪದರ ಇರುತ್ತೆ. ಅದರ ಮೇಲೆ ಲೋಳೆ. ನಾವು ತಿಂದಿದ್ದರ ಹುಳಿ, ಖಾರ, ನಮ್ಮ ಹೊಟ್ಟೆಯೇ ಹುಟ್ಟಿಸೋ ಹುಳಿ, ಯಾವುದೂ ನೇರ ಮಾಂಸಕ್ಕೆ ತಾಗದ ಹಾಗೆ ಅದು ಕಾಯುತ್ತೆ. ನಿಮ್ಮ ಸೊಸೆಗೆ ದೊಡ್ಡ ಕರುಳಿನಲ್ಲಿ ಆ ಪದರವೇ ಅಲ್ಲಲ್ಲಿ ಕಿತ್ತು ಹೋಗಿ ಹುಣ್ಣಾಗಿದೆ. ರಕ್ತ ಹೋಗಿ ಹೋಗಿ ಮೈಯಲ್ಲಿ ಶಕ್ತಿಯೇ ಇಲ್ಲ. ಮುಟ್ಟು ನಿಂತಿದ್ದು ಅದಕ್ಕೇ."

ಗುತ್ಯಮ್ಮನ ಕಣ್ಣ ಮುಂದೆ ಜಗಲಿಯ ಗೋಡೆ ಬಂತು. ಕೆಮ್ಮಣ್ಣಿನ ಸಾರಣೆ ಗಟ್ಟಿಯಾಗಿದ್ದಷ್ಟು ದಿನ ಎರಚಲು ಬಡಿದರೂ ಗೋಡೆಗೆ ಏನೂ ಆಗುವುದಿಲ್ಲ. ಒಂದು ಕಡೆ ಎದ್ದಿತೋ, ಸೂರಿನ ಹನಿಗೂ ಒಳಗಿನ ಮಣ್ಣು ಕರಗುತ್ತದೆ. ಹಾಗೆ ಸಾರಣೆ ಎದ್ದ ಗೋಡೆಗೆ ತಾನು ಎರಡು ತಿಂಗಳು ಬೊಗಸೆ ಬೊಗಸೆ ಹುಳಿನೀರು ಎರಚಿದ್ದೆ ಎಂದು ಅವಳಿಗೆ ಅನ್ನಿಸಿತು.

"ನಾನು ಕೊಟ್ಟ ಹುಳಿಯಿಂದ್ಲೇ ಆತಾ ಇದು? ಸುಳ್ಳು ಹೇಳ್ಬೇಡಿ."

"ಸುಳ್ಳು ಹೇಳಲ್ಲ. ಹುಳಿಯಿಂದ ಬಂದಿದ್ದಲ್ಲ. ನೀವು ಭರಣಿ ತೆಗೆಯೋ ಮೊದಲೇ ಶುರುವಾಗಿತ್ತು. ಇದು ಯಾಕೆ ಬರುತ್ತೆ ಅಂತ ನಮ್ಮ ಪುಸ್ತಕದವರಿಗೇ ಇನ್ನೂ ಗೊತ್ತಿಲ್ಲ. ಆದರೆ ಹಸಿ ಗಾಯ ಇರುವಾಗ ಅವಳಿಗೆ ಹುಳಿ ಒಗ್ಗಿಲ್ಲ, ನೋವು ಹೆಚ್ಚಿಸಿದೆ, ಅದು ನಿಜ." ಡಾಕ್ಟರಮ್ಮ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. "ಮಾತ್ರೆ ತಿಂಗಳುಗಟ್ಟಲೆ ನುಂಗಬೇಕು. ಈಗ ಹುಳಿ ಖಾರ ಬೇಡ. ಮೆತ್ತಗಿನ ಅನ್ನ, ಗಂಜಿ, ಬೇಯಿಸಿದ ಸೋರೆಕಾಯಿ. ಆಮೇಲೆ ಯಾವುದು ಒಗ್ಗುತ್ತೆ, ಯಾವುದು ಉರಿಯುತ್ತೆ ಅಂತ ಹೇಳಬೇಕಾದವಳು ಅವಳು. ನಾನಲ್ಲ, ನೀವೂ ಅಲ್ಲ. ಅವಳು ಬಾಯಿ ಬಿಟ್ಟು ಹೇಳದೇ ಇದ್ದರೆ ನನ್ನ ಮದ್ದು ಅರ್ಧ ಕೆಲಸವನ್ನೂ ಮಾಡಲ್ಲ. ಇನ್ನೊಂದು ಸಲ ಈ ಸ್ಥಿತಿಗೆ ಬಂದರೆ ಉಳಿಸ್ತೀನಿ ಅನ್ನೋ ಮಾತು ನಾನು ಕೊಡಲಾರೆ."

ಹನ್ನೆರಡು ದಿನ ಅಲ್ಲಿದ್ದರು. ದಪ್ಪ ಹಳದಿ ಮಾತ್ರೆ. ಅದನ್ನು ನುಂಗಿದ ಮೇಲೆ ಹೂವಮ್ಮನ ಮೂತ್ರವೂ ಅರಿಶಿನದ ಬಣ್ಣಕ್ಕೆ ತಿರುಗಿ, ಗುತ್ಯಮ್ಮ ಆಸ್ಪತ್ರೆಯೇ ಹಾರಿಹೋಗುವಂತೆ ಗಲಾಟೆ ಮಾಡಿ, ಅದು ಮಾತ್ರೆಯ ಬಣ್ಣ ಅಷ್ಟೇ ಎಂದು ಡಾಕ್ಟರಮ್ಮ ಎರಡು ಸಲ ಹೇಳಿದ ಮೇಲೆ ಸುಮ್ಮನಾದಳು. ರಕ್ತ ನಿಲ್ಲುತ್ತ ಬಂತು. ಹೊರಡುವ ಹಿಂದಿನ ದಿನ ಗುತ್ಯಮ್ಮ ತಲೆ ಬಾಚುತ್ತಿದ್ದಾಗ ಹೂವಮ್ಮ ಇದ್ದಕ್ಕಿದ್ದ ಹಾಗೆ ಹೇಳಿದಳು. "ಅವತ್ತು ಡಾಕ್ಟ್ರಮ್ಮನ ಹತ್ರ ಹೋದ್ರಲ್ಲ, ಇವಳಿಗೆ ಮಕ್ಕಳಾಗ್ತಾವಾ ಅಂತ ಕೇಳ್ತೀರಿ ಅಂದ್ಕೊಂಡಿದ್ದೆ. ಹಾಗೆ ಕೇಳಿದ್ರೆ ನಾನು ಅಪ್ಪನ ಮನೆಗೆ ಹೋಗಾದೇಯ ಅಂತ ಮನಸ್ಸು ಮಾಡಿದ್ದೆ."

"ತಲೆ ಅಲ್ಲಾಡಿಸ್ಬೇಡ, ಬೈತಲೆ ಸೊಟ್ಟ ಹೋಗ್ತದೆ" ಎಂದಳು ಗುತ್ಯಮ್ಮ. ಬೇರೆ ಏನಾದರೂ ಹೇಳಲು ಹೋಗಿದ್ದರೆ ಅತ್ತುಬಿಡುತ್ತಿದ್ದಳು.

ಮನೆಗೆ ಬಂದ ಮೇಲೆ ನಿಜವಾದ ಕಷ್ಟ ಶುರುವಾಯಿತು. ಗುತ್ಯಮ್ಮ ಹುಳಿಯ ಭರಣಿಗಳನ್ನೆಲ್ಲ ಅಟ್ಟಕ್ಕೆ ಏರಿಸಿದಳು. ಬಡಿಸುವಾಗ ಪ್ರತಿಯೊಂದಕ್ಕೂ ನಿಂತು ಕೇಳುವಳು, "ಸೋರೆಕಾಯಿ ಹಾಕ್ಲಾ ಬ್ಯಾಡ್ವಾ? ಮಜ್ಜಿಗೆ ಒಗ್ಗುತ್ತಾ ಇಲ್ವಾ?"

"ನೀವು ಹಾಕಿದ್ದು ಅತ್ತೆ" ಎನ್ನುವಳು ಹೂವಮ್ಮ.

"ನಾನು ಹಾಕಿದ್ದು ಅಂತ ತಿಂದು ತಿಂದೇ ಸಾಯೋ ಹಂಗಾಗಿತ್ತಲ್ಲೇ! ಒಂದು ಸಲ ಬ್ಯಾಡ ಅನ್ನೇ ತಾಯಿ. ನನ್ನ ಮುಖಕ್ಕೆ ಬಟ್ಟಲು ಎಸೆ ಬೇಕಾದ್ರೆ."

ಹೂವಮ್ಮ ನಗುವಳು, ಅಷ್ಟೇ. ಗುತ್ಯಮ್ಮನಿಗೆ ತಲೆ ಚಚ್ಚಿಕೊಳ್ಳುವ ಹಾಗಾಗುತ್ತಿತ್ತು.

ಆದರೆ ಗುತ್ಯಮ್ಮನೂ ಒಂದು ಮಾತನ್ನು ನುಂಗಿಕೊಂಡಿದ್ದಳು. ಡಂಗುರ ಹೊಡೆದು ಬಂದ ಬಾಯಿಯಿಂದಲೇ ಸೊಸೆ ಬಸುರಿಯಲ್ಲ ಎಂದು ಹೇಳಲು ಅವಳಿಗೆ ನಾಚಿಕೆ. ಹೇಗಿದ್ದಾಳೆ ಎಂದು ಕೇಳಿದವರಿಗೆ, "ಈಗ ಪರವಾಗಿಲ್ಲ, ಡಾಕ್ಟ್ರಮ್ಮ ಉಳಿಸಿಕೊಟ್ರು" ಎಂದಷ್ಟೇ ಹೇಳಿ ಮಾತು ತೇಲಿಸಿದಳು. ಕೇರಿಯವರು ಬಸಿರು ಉಳಿಯಿತು ಎಂದುಕೊಂಡರು. ಅದರ ಫಲ ಬರಲು ಹೆಚ್ಚು ದಿನ ಬೇಕಾಗಲಿಲ್ಲ. ಗುತ್ಯಮ್ಮ ಗದ್ದೆಯ ಬದು ನೋಡಲು ಹೋಗಿದ್ದಾಗ ಕೆರಿಯಮ್ಮ ಒಂದು ಬಟ್ಟಲು ಅಮಟೆಕಾಯಿ ಗೊಜ್ಜು ತಂದು, "ನಿನ್ನ ಅತ್ತೆ ಈಗ ಕೊಡ್ತಿಲ್ವಂತಲ್ಲ, ತಿನ್ನು ಮಗಾ" ಎಂದು ಎದುರು ಕೂತು ತಿನ್ನಿಸಿದಳು. ಹೂವಮ್ಮ ಬೇಡ ಎನ್ನಲಿಲ್ಲ. ಮೂರು ದಿನ ಹೊಟ್ಟೆ ಹಿಡಿದುಕೊಂಡು ಮಲಗಿದಳು. ನಿಂತಿದ್ದ ರಕ್ತ ಮತ್ತೆ ಕಾಣಿಸಿತು.

ಕೆರಿಯಮ್ಮನ ಮೇಲೆ ಕೂಗಾಡಲು ಸೆರಗು ಸಿಕ್ಕಿಸಿಕೊಂಡು ಹೊರಟ ಗುತ್ಯಮ್ಮ ಬೇಲಿಯ ಹತ್ತಿರ ನಿಂತುಬಿಟ್ಟಳು. ಕೆರಿಯಮ್ಮ ಮಾಡಿದ್ದು ತಾನು ಮಾಡಿದ್ದನ್ನೇ ಅಲ್ಲವೇ? ಹೇಳದೆ ಇದ್ದದ್ದು ಸೊಸೆಯೊಬ್ಬಳೇ ಅಲ್ಲ. ತನ್ನ ಮರ್ಯಾದೆ ಉಳಿಸಿಕೊಳ್ಳಲು ತಾನು ಮುಚ್ಚಿಟ್ಟ ಮಾತು ಆ ಹೆಣ್ಣಿನ ಕರುಳನ್ನು ಮತ್ತೆ ಸುಟ್ಟಿತು. ವಾಪಸ್ಸು ಬಂದು ಜಗಲಿಯಲ್ಲಿ ಕೂತು ಬಹಳ ಹೊತ್ತು ಯೋಚನೆ ಮಾಡಿದಳು.

ಆಶ್ವೀಜದ ಭೂಮಿ ಹುಣ್ಣಿಮೆ ಬಂತು. ತೆನೆ ತುಂಬುವ ಗದ್ದೆಯನ್ನು ತುಂಬಿದ ಬಸುರಿ ಎಂದು ಭಾವಿಸಿ ಬಯಕೆಯ ಅಡಿಗೆ ಬಡಿಸುವ ಹಬ್ಬ ಅದು. ಹತ್ತಾರು ಬಗೆಯ ಸೊಪ್ಪು, ಕಡುಬು, ಪಲ್ಯ, ಅಮಟೆಕಾಯಿಯ ಗೊಜ್ಜು, ಎಲ್ಲವನ್ನೂ ಚಿತ್ತಾರದ ಬುಟ್ಟಿಯಲ್ಲಿಟ್ಟು ಬೆಳಕು ಹರಿಯುವಾಗ ಗದ್ದೆಗೆ ಹೊತ್ತುಕೊಂಡು ಹೋಗಬೇಕು. ಭೂಮಿಗೆ ಎಡೆ ಮಾಡಿದ ಎಲೆಯಲ್ಲೇ ಮನೆಯ ಸೊಸೆ ಮೊದಲು ಕೂತು ಉಣ್ಣುವುದು ಆ ಕೇರಿಯ ಪದ್ಧತಿ. ಆಮೇಲೆ ಉಳಿದವರು.

ಬುಟ್ಟಿಗೆ ಹೂವಮ್ಮ ನಾಲ್ಕು ದಿನ ಕೂತು ಚಿತ್ತಾರ ಬರೆದಳು. ಅಡಿಗೆಗೆ ಗುತ್ಯಮ್ಮ ಅವಳನ್ನು ಹತ್ತಿರ ಬಿಡಲಿಲ್ಲ. ಹಬ್ಬಕ್ಕೆ ಬಂದಿದ್ದ ಕನ್ನಪ್ಪ ಬುಟ್ಟಿ ಎತ್ತಲು ಹೋಗಿ, ಮುಚ್ಚಳ ತೆಗೆದು ನೋಡಿ, "ಅವ್ವಾ, ಗೊಜ್ಜು ಮರೆತ್ಯಲ್ಲೇ. ಹುಳಿಯದ್ದು ಒಂದೂ ಇಲ್ಲ ಇದ್ರಾಗೆ" ಎಂದ.

"ಮರ್ತಿಲ್ಲ. ಸುಮ್ನೆ ಹೊತ್ಕೊಂಡು ನಡಿ."

ಗದ್ದೆಯಲ್ಲಿ ಅಕ್ಕಪಕ್ಕದ ಮನೆಯವರೆಲ್ಲ ತಮ್ಮ ತಮ್ಮ ಬದುವಿನ ಮೇಲೆ ಎಡೆ ಇಟ್ಟಿದ್ದರು. ಕೆರಿಯಮ್ಮ ಗೊಜ್ಜಿನ ಬಟ್ಟಲು ಹಿಡಿದೇ ಈ ಕಡೆ ಬಂದು ಎಲೆಯ ಮೇಲೆ ಕಣ್ಣಾಡಿಸಿದಳು. ಮೆತ್ತಗಿನ ಅನ್ನ, ಉದ್ದಿನ ಕಡುಬು, ಸೋರೆಕಾಯಿ, ಎಳೆಯ ಸೊಪ್ಪು ಬೇಯಿಸಿದ್ದು, ಅಕ್ಕಿಯ ಪಾಯಸ. ಅವಳಿಗೆ ನಂಬಲಾಗಲಿಲ್ಲ. "ಎಂತ ಗುತ್ಯಮ್ಮ ಇದು? ಬಸುರಿ ಭೂಮಿಗೆ ಸಪ್ಪೆ ಬಯಕೆನಾ? ತಾಯಿ ಮುನಿಸ್ಕೊಳ್ಳಲ್ವನೇ?" ಎಂದು ಕೂಗಿದಳು. ಆಚೆ ಬದುವಿನವರೂ ತಿರುಗಿ ನೋಡಿದರು.

ಗುತ್ಯಮ್ಮ ಎದ್ದು ನಿಂತಳು. ಅವಳ ದೊಡ್ಡ ಬಾಯಿ ಆ ದಿನ ಒಳ್ಳೆಯ ಕೆಲಸಕ್ಕೆ ಬಂತು.

"ಎಲ್ಲಾರೂ ಕೇಳ್ಕೊಳ್ಳಿ. ನನ್ನ ಸೊಸೆ ಬಸುರಿ ಅಲ್ಲ. ಆಗ್ಲೂ ಆಗಿರ್ಲಿಲ್ಲ. ನಾನೇ ದಡ್ಡಿ, ಊರಿಗೆಲ್ಲ ಹೇಳಿ ಬಂದೆ. ಅವಳಿಗೆ ಕರುಳಾಗೆ ಹುಣ್ಣಾಗಿದೆ, ಹುಳಿ ತಾಗಿದ್ರೆ ಉರೀತದೆ. ನಾನು ಎರಡು ತಿಂಗ್ಳು ತಿನ್ನಿಸ್ದೆ, ಅವಳು ನನ್ನ ಮುಖ ನೋಡಿ ತಿಂದ್ಲು. ಈ ಎಲೇಲಿ ಅವಳು ಉಣ್ಣಬೇಕು. ಅವಳಿಗೆ ಉರಿಯೋದು ಈ ಎಲೆಗೆ ಬೀಳಲ್ಲ. ಭೂಮಿ ತಾಯಿನೂ ಹೆಣ್ಣೇ ಅಲ್ವಾ, ಮನೆ ಮಗಳಿಗೋಸ್ಕರ ಒಂದು ವರ್ಷ ಸಪ್ಪೆ ಉಣ್ತಾಳೆ. ಮುನಿಸ್ಕೊಂಡ್ರೆ ನನ್ನ ಮೇಲೆ ಮುನಿಸ್ಕೊಳ್ಳಿ."

ಕನ್ನಪ್ಪ ತಲೆ ತಗ್ಗಿಸಿ ಗದ್ದೆಗೆ ಚರಗದ ಅನ್ನ ಚೆಲ್ಲಿ ಬಂದ. ಹೂವಮ್ಮ ಎಲೆಯ ಮುಂದೆ ಕೂತಳು. ಅವಳ ಕಿವಿ ಕೆಂಪಾಗಿತ್ತು.

ಕೆರಿಯಮ್ಮನ ಕಣ್ಣಲ್ಲಿ ನೀರು ಬಂದಿತ್ತು. ಆದರೆ ಕೆರಿಯಮ್ಮ ಕೆರಿಯಮ್ಮನೇ. ಕೈಯಲ್ಲಿದ್ದ ಗೊಜ್ಜಿನ ಬಟ್ಟಲನ್ನು ಏನು ಮಾಡಬೇಕೆಂದು ತಿಳಿಯದೆ, "ಪಾಪ, ಹಬ್ಬದ ದಿನ. ಒಂಚೂರು, ಬರೀ ನಾಲಿಗೆಗೆ ಮುಟ್ಟುವಷ್ಟು" ಎಂದು ಬೆರಳ ತುದಿಯಲ್ಲಿ ತೆಗೆದು ಹೂವಮ್ಮನ ಎಲೆಯ ಕಡೆ ಬಗ್ಗಿದಳು.

ಗುತ್ಯಮ್ಮನ ಕೈ ತಾನಾಗಿಯೇ ಮುಂದೆ ಹೋಯಿತು. ಅರ್ಧ ದಾರಿಯಲ್ಲಿ ಅವಳು ಅದನ್ನು ಹಿಂದಕ್ಕೆ ಎಳೆದುಕೊಂಡಳು, ಬಾಯಿಯನ್ನೂ ಮುಚ್ಚಿಕೊಂಡಳು. ಹೇಳಬೇಕಾದವಳು ಅವಳು. ಗುತ್ಯಮ್ಮ ಸೊಸೆಯನ್ನೇ ನೋಡಿದಳು. ಇಷ್ಟು ಹೊತ್ತು ಸುಮ್ಮನಿರುವುದು ಅವಳಿಗೆ ನಾಟಿಯ ಕೆಲಸಕ್ಕಿಂತ ಕಷ್ಟವಾಯಿತು.

ಹೂವಮ್ಮ ಬೆರಳನ್ನು ನೋಡಿದಳು. ಎಡಗೈಯನ್ನು ಎಲೆಯ ಮೇಲೆ ಅಡ್ಡ ಹಿಡಿದಳು.

"ಬ್ಯಾಡ ಕೆರಿಯಕ್ಕ" ಎಂದಳು. ಮೆತ್ತಗೆ ಹೇಳಿದಳು, ಆದರೆ ಹೇಳಿದಳು.

ಕೆರಿಯಮ್ಮ ಬೆರಳನ್ನು ತನ್ನ ಬಾಯಿಗೇ ಇಟ್ಟುಕೊಂಡು ಹಿಂದೆ ಸರಿದಳು. ಹೂವಮ್ಮ ಸೋರೆಕಾಯಿ ಕಲೆಸಿಕೊಂಡು ಉಂಡಳು, ಎಲೆಯ ಒಂದು ಬದಿ ಬರಿದಾಯಿತು. ಆಮೇಲೆ ತಲೆಯೆತ್ತಿ ಅತ್ತೆಯ ಕಡೆ ನೋಡಿ, "ಪಾಯಸ ಇನ್ನೊಂಚೂರು ಹಾಕಿ ಅತ್ತೆ" ಎಂದಳು.

ಗುತ್ಯಮ್ಮ ಸೌಟು ಹಿಡಿದಳು. ಕಣ್ಣು ಮಂಜಾಗಿ ಎಲೆ ಎಲ್ಲಿದೆ ಎಂದು ಕಾಣದೆ ಒಂದು ಸೌಟು, ಎರಡು ಸೌಟು, ಮೂರನೆಯದೂ ಹಾಕಿದಳು. ಪಾಯಸ ಎಲೆ ದಾಟಿ ಬದುವಿನ ಹುಲ್ಲಿಗೆ ಹರಿಯಿತು.

"ಸಾಕು ಅತ್ತೆ, ಸಾಕು!" ಎಂದು ಹೂವಮ್ಮ ಕೂಗಿದಳು.

ಒಂದೇ ಊಟದಲ್ಲಿ ನನ್ನ ಸೊಸೆ ಬೇಡ ಅಂದಳು, ಬೇಕು ಅಂದಳು, ಸಾಕು ಅಂತ ನನ್ನನ್ನೇ ಗದರಿಸಿದಳು ಎಂದು ಗುತ್ಯಮ್ಮ ಮರುದಿನವೇ ಉಳಿದ ಆರೂ ಮನೆಗೆ ಹೋಗಿ ಹೇಳಿ ಬಂದಳು.